ಜಾಪತ್ರೆಯ ಮರ

ನನ್ನ ಅತ್ತೆ ರಾಯಚೂರಿನವರು. ಹೈದರಾಬಾದಿನ ಒಂದು ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದರು. ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ಆದರೂ ಇಂಡೋನೇಷ್ಯಾದ ಮಲುಕು ಪ್ರಾಂತ್ಯದ ದ್ವೀಪಗಳನ್ನು ಪುಸ್ತಕ ನೋಡದೆ ಬಿಡಿಸುತ್ತಿದ್ದರು. ಸೊಸೆಯೇ ಹೊಗಳುತ್ತಿದ್ದಾಳೆಂದರೆ ನೀವು ನಂಬಲೇಬೇಕು.

ನಾರಾಯಣಗೂಡದ ಕೋಚಿಂಗ್ ಸೆಂಟರೊಂದರಲ್ಲಿ ನನಗೆ ಡೆಮೊ ಕ್ಲಾಸ್ ಇತ್ತು. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದ ಕೆಲಸ. ಪಾಠ ಒಪ್ಪಿಗೆಯಾದರೆ ಮತ್ತೆ ಟೀಚರ್, ಇಲ್ಲದಿದ್ದರೆ ಅದೇ ಒಲೆ, ಅದೇ ಕುಕ್ಕರು. ಸೆಂಟರಿನವರು ಕೊಟ್ಟ ವಿಷಯ ಮಲುಕು. ಅತ್ತೆ ವಾರವಿಡೀ ನನ್ನನ್ನು ಅಡುಗೆಮನೆಯ ನೆಲದ ಮೇಲೆ ಕೂರಿಸಿ ತಾಲೀಮು ಮಾಡಿಸಿದರು.

"ಮೊದಲ ಸಮಭಾಜಕ ವೃತ್ತ ಎಳಿ, ಆಮ್ಯಾಲ ನೆಲ. ಗೆರಿ ಇಲ್ದಿದ್ರ ದ್ವೀಪ ಎಲ್ಲಿ ಐತಿ ಅಂತ ಹೆಂಗ ತಿಳೀಬೇಕವಾ?"

ಮಸಾಲೆ ಡಬ್ಬಿಯ ಒಂದು ಬಟ್ಟಲಿನಿಂದ ಜಾಯಿಕಾಯಿ, ಇನ್ನೊಂದರಿಂದ ಜಾಪತ್ರೆ ತೆಗೆದು ನಕಾಶೆಯ ಮೇಲಿಟ್ಟರು. ಎರಡೂ ಬೇರೆ ಬೇರೆ ಮರದವು ಅಂದರು. ಪಲಾವಿನ ಮಸಾಲೆ ಮನೆಯಲ್ಲೇ ಕುಟ್ಟುವವರ ಮಾತು, ಬರೆದುಕೊಂಡೆ.

ಡೆಮೊ ದಿನ ಅವರೂ ಬಂದು ನೋಟ್‌ಬುಕ್ ಹಿಡಿದು ಕೊನೆಯ ಬೆಂಚಿನಲ್ಲಿ ಕೂತರು. ತೆಲುಗಿನಲ್ಲಿ ಪಾಠ ಸರಾಗವಾಗಿ ಸಾಗಿತು. ಜಾಯಿಕಾಯಿಯ ತವರಾದ ಅಲ್ಲಿನ ಬಾಂಡಾ ದ್ವೀಪಗಳ ಜ್ವಾಲಾಮುಖಿ ಮಣ್ಣು, ಪೋರ್ಚುಗೀಸರು, ಅವರ ಹಿಂದೆ ಡಚ್ಚರು. ಜಾಯಿಕಾಯಿ ವ್ಯಾಪಾರ ತಮ್ಮೊಬ್ಬರದೇ ಆಗಲೆಂದು ಡಚ್ಚರು ದ್ವೀಪದ ಜನರನ್ನು ಕೊಂದರು, ಉಳಿದವರನ್ನು ಹೊತ್ತೊಯ್ದರು, ತೋಟಗಳಿಗೆ ಗುಲಾಮರನ್ನು ತಂದರು. ರನ್ ಎಂಬ ಅಂಗೈಯಗಲದ ದ್ವೀಪಕ್ಕಾಗಿ ಮ್ಯಾನ್‌ಹಟನ್ನನ್ನೇ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಹುಮ್ಮಸ್ಸಿನಲ್ಲಿ ಬೋರ್ಡಿನ ಮೇಲೆ ಎರಡು ಮರ ಬರೆದೆ.

ಆಯ್ಕೆಗೆ ಕೂತಿದ್ದವರಲ್ಲಿ ಒಬ್ಬರು ಪುತ್ತೂರಿನ ಕಡೆಯವರು. ನನ್ನ ಮರ್ಯಾದೆ ಉಳಿಯಲೆಂದು ಕನ್ನಡದಲ್ಲಿ ಮೆಲ್ಲಗೆ ಅಂದರು: "ನಮ್ಮ ಹಿತ್ತಲಲ್ಲಿ ಜಾಯಿಕಾಯಿ ಮರ ಉಂಟು ಮೇಡಂ. ಜಾಪತ್ರೆಗೆ ಬೇರೆ ಮರ ಇಲ್ಲ, ಎರಡೂ ಒಂದೇ ಹಣ್ಣಿನದ್ದು."

ಉಳಿದವರಿಗೆ ಅರ್ಥವಾಗಿರಲಿಲ್ಲ. ಸದ್ದಿಲ್ಲದೆ ಒಂದು ಮರ ಒರೆಸಿದರೆ ಮುಗಿಯಿತು ಎಂದು ಡಸ್ಟರ್ ಎತ್ತಿಕೊಂಡೆ. ಅಷ್ಟರಲ್ಲಿ ಅತ್ತೆ ಎದ್ದು ನಿಂತರು. ಎಲ್ಲರಿಗೂ ತಿಳಿಯುವಂತೆ ತೆಲುಗಿನಲ್ಲೇ ಹೇಳಿದರು: "ಟೀಚರಮ್ಮ ಬರೆದದ್ದು ತಪ್ಪು, ಆ ತಪ್ಪನ್ನು ಕಲಿಸಿದವಳು ನಾನು." ನನಗೆ ಸಿಟ್ಟೇ ಬಂತು. ಕೆಲಸ ಹೋಯಿತು ಅಂದುಕೊಂಡೆ. ಅವರು ಮಾತ್ರ ನೋಟ್‌ಬುಕ್ ತೆರೆದು ಪುತ್ತೂರಿನವರ ಹತ್ತಿರ ಹೋದರು.

"ಹಣ್ಣಿನ್ಯಾಗ ಜಾಪತ್ರಿ ಎಲ್ಲಿ ಇರ್ತೈತ್ರಿ? ಒಂದೀಟು ಬರದು ತೋರಸ್ರಿ."

ಬೀಜಕ್ಕೆ ಸುತ್ತಿಕೊಂಡ ಕೆಂಪು ಸಿಪ್ಪೆಯ ಚಿತ್ರ ನೋಡುತ್ತ ಅತ್ತೆ ಕಣ್ಣರಳಿಸಿದಾಗ ನನ್ನ ಸಿಟ್ಟು ಇಳಿದು ನಾಚಿಕೆಯಾಯಿತು. ಅದೇ ಹಣ್ಣನ್ನು ಬೋರ್ಡಿನ ಮೇಲೆ ಬರೆದು ಪಾಠ ಮುಗಿಸಿದೆ. ಸೆಂಟರಿನವರು ಸೋಮವಾರದಿಂದ ಬನ್ನಿ ಅಂದರು.

ಆಟೋ ಹತ್ತಿದ ಮೇಲೆ ನಾನು ಖುಷಿಯಲ್ಲಿ ಮಾತಾಡುತ್ತಲೇ ಇದ್ದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಮೊಮ್ಮಕ್ಕಳನ್ನು ಕಂಡ ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಹಚ್ಚಿದ್ದರು.

"ಆರಾಮದಿಯೇನವಾ? ಏಳನೇ ಕ್ಲಾಸಿನ್ಯಾಗ ನಿನಗ ಒಂದು ತಪ್ಪು ಹೇಳಿಕೊಟ್ಟೀನಿ. ಪೆನ್ನು ತಗೊ."