ನೈವೇದ್ಯಕ್ಕೆ ಮುಂಚಿನ ರುಚಿ

ಲಲಿತಾ, ಆಂಜನೇಯನ ಗುಡಿಯ ಒಲೆ ಮುಂದಿನಿಂದ ನಿನ್ನನ್ನು ಎಬ್ಬಿಸಿದವಳು ನಾನು. ಮುನಿಯಮ್ಮ ಅಲ್ಲ, ಪೂಜಾರಿ ಅಲ್ಲ — ನಿನ್ನ ಓರಗಿತ್ತಿ, ನೀನು ಬಾಯಿ ತುಂಬ ಅಕ್ಕ ಎಂದು ಕರೆಯುವ ಈ ರತ್ನಮ್ಮ.

ಧನುರ್ಮಾಸದ ಆ ಬೆಳಗುಗಳು ನೆನಪಿವೆಯಲ್ಲ? ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಬೆಳಕು ಹರಿಯುವ ಮೊದಲೇ ತಲೆಗೆ ನೀರು ಹಾಕಿಕೊಂಡು ಬಂದು ನೀನು ಹುಗ್ಗಿಗೆ ಇಡುತ್ತಿದ್ದೆ, ನಾನು ಪಕ್ಕದಲ್ಲಿ ಕೂತು ಕಾಯಿ ತುರಿಯುತ್ತಿದ್ದೆ. ಅಕ್ಕಿ, ಹೆಸರುಬೇಳೆ, ತುಪ್ಪ — ಎಲ್ಲ ನಾನು ಚಿಕ್ಕಬಳ್ಳಾಪುರದಲ್ಲಿ ಚೌಕಾಸಿ ಮಾಡಿ ತಂದದ್ದು. ಬುಟ್ಟಿಯಲ್ಲಿ ಹೂವು ಹೊತ್ತು ಮಾರಿ ಅಂಗಡಿ ಮಾಡಿಕೊಂಡವಳು ನಾನು. ದೇವರ ವಿಷಯದಲ್ಲಿ ಕೈ ಬಿಗಿ ಹಿಡಿದವಳಲ್ಲ. ಆದರೆ ದೊನ್ನೆ ಹಿಡಿದವರೆಲ್ಲ ಹೇಳುತ್ತಿದ್ದದ್ದು ‘ಲಲಿತಮ್ಮನ ಹುಗ್ಗಿ’ ಎಂದೇ. ಒಂದು ದಿನ ನನ್ನ ಗಂಡನೇ ಎರಡು ದೊನ್ನೆ ತಿಂದು ಬಂದು, ಮನೆಯ ತಿಂಡಿ ಬೇಡ ಎಂದರು. ಆವತ್ತು ನನ್ನ ಹೊಟ್ಟೆಯಲ್ಲಿ ಹತ್ತಿದ ಉರಿ — ಅದನ್ನು ಏನೆಂದು ಹೇಳಲಿ...

ವ್ಯಾಪಾರಕ್ಕೆ ಹೊಸದಾಗಿ ಬರುವವರಿಗೆಲ್ಲ ನಾನು ಒಂದು ಮಾತು ಹೇಳಿಕೊಡುತ್ತೇನೆ. ಕೊಳ್ಳುವಾಗ ಹೂವು ಬಾಡಿದೆ ಎನ್ನಬೇಡಿ, ಜಗಳವಾಗುತ್ತದೆ. ‘ನಿನ್ನೇದಾ?’ ಎಂದು ಕೇಳಿ ಸುಮ್ಮನಿರಿ, ಸುತ್ತ ನಿಂತವರೇ ರೇಟು ಇಳಿಸುತ್ತಾರೆ. ನಿನ್ನ ಮೇಲೂ ಅದನ್ನೇ ಮಾಡಿದೆ. ಪ್ರಸಾದದ ಸಾಲಿನಲ್ಲಿ, ಮುನಿಯಮ್ಮನಂಥ ಹಿರಿಯಳ ಕಿವಿಗೆ —

“ಅಲ್ಲಕ್ಕಾ, ಬಾಯಿಗಿಡದೆ ದಿನಾ ಉಪ್ಪು ಇಷ್ಟು ಸರಿಯಾಗಿ ಹೆಂಗಿರ್ತದೆ?”

ಅಷ್ಟೇ. ದೇವರಿಗಿಂತ ಮುಂಚೆ ರುಚಿ ನೋಡಿದರೆ ಅದು ಎಂಜಲು; ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುನಿಯಮ್ಮ ತನ್ನ ತೆಲುಗಿನಲ್ಲಿ “ಅವುನು ಕದಮ್ಮಾ”, ಹೌದಲ್ಲಮ್ಮಾ, ಎನ್ನುತ್ತ ದೊನ್ನೆಯನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟಳು. ಸಾಲಿನ ತುದಿ ಮುಟ್ಟುವಷ್ಟರಲ್ಲಿ ನನ್ನ ಪ್ರಶ್ನೆ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಮರುದಿನ ಪೂಜಾರಿ ನಿನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ನೀನು ಅಳಲಿಲ್ಲ. ಎಲ್ಲರ ಮುಂದೆ ನನ್ನ ಕಡೆ ತಿರುಗಿದೆ.

“ಅಕ್ಕಾ, ದಿನಾ ಪಕ್ಕದಲ್ಲೇ ಇರ್ತೀಯಲ್ಲ. ನೀನೇ ಹೇಳು, ನಾನು ಬಾಯಿಗಿಟ್ಟಿದ್ದು ನೋಡಿದ್ದೀಯಾ?”

ನಾನು ನೋಡಿದ್ದೇ ಬೇರೆ — ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಉಪ್ಪನ್ನು ಅಂಗೈಯಲ್ಲಿ ತೂಗಿದಂತೆ ಹಿಡಿದು, ಹಬೆಗೆ ಮುಖ ಒಡ್ಡಿ ನೀನು ವಾಸನೆಯಲ್ಲೇ ಹದ ನೋಡುತ್ತಿದ್ದದ್ದು...

“ನಂಗೇನಮ್ಮ ಗೊತ್ತು. ನಾನು ಕಾಯಿ ತುರೀತಿದ್ದೆ” ಎಂದೆ.

ಸೌಟು ನನ್ನ ಕೈಗೆ ಬಂತು. ಆವತ್ತೇ ಉಪ್ಪು ಹಾಕಿದ ಮೇಲೆ ನನಗೆ ಅನುಮಾನ ಶುರುವಾಯಿತು. ಸಪ್ಪೆಯಾದರೆ? ಜನ ಮತ್ತೆ ನಿನ್ನ ಹೆಸರು ಎತ್ತಿದರೆ? ಪೂಜಾರಿ ಒಳಗೆ ಹೂವು ಏರಿಸುತ್ತಿದ್ದರು. ಸೌಟಿನ ಅಂಚಿನಿಂದ ಒಂದು ಅಗುಳು ತೆಗೆದು ನಾಲಿಗೆಗೆ ಇಟ್ಟೆ. ಚಿಟಿಕೆ ಉಪ್ಪು ಕಮ್ಮಿಯಿತ್ತು. ಹಾಕಿದೆ. ಆಮೇಲೆ ಗಂಟೆ ಬಾರಿಸಿದರು.

ಎಲ್ಲರೂ ಹೊಗಳಿದರು. ನೀನು ಸಾಲಿನ ಕೊನೆಯಲ್ಲಿ ಬಂದೆ, ದೊನ್ನೆಯನ್ನು ಕಣ್ಣಿಗೊತ್ತಿಕೊಂಡೆ, ಒಂದು ಅಗುಳೂ ಬಿಡದೆ ತಿಂದೆ. “ಚೆನ್ನಾಗಿದೆ ಕಣಕ್ಕಾ” ಎಂದೆ. ಆಗಲೂ ನನಗೆ ನಾಚಿಕೆಯಾಗಲಿಲ್ಲ, ಗೆದ್ದೆ ಅನ್ನಿಸಿತು. ಅದನ್ನೂ ಬಚ್ಚಿಡುವುದಿಲ್ಲ. ಅಲ್ಲಿಂದ ಪ್ರತಿ ಧನುರ್ಮಾಸವೂ ನೀನು ನನ್ನ ಎಂಜಲನ್ನು ಕಣ್ಣಿಗೊತ್ತಿಕೊಳ್ಳುತ್ತಲೇ ಇದ್ದೀಯ.

ನಿನ್ನ ಸಾರಿನ ವಾಸನೆ ಗೋಡೆ ದಾಟಿ ಬಂದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಲಲಿತಾ. ಅದು ಹೋಗುತ್ತದೆಂದು ಕಾಯುತ್ತ ಕೂತರೆ ಹೇಳುವುದು ಆಗುವುದೇ ಇಲ್ಲ. ಈ ಸಲ ಒಲೆ ಹಚ್ಚುವ ಮೊದಲು, ಮುನಿಯಮ್ಮನ ಎದುರಿಗೆ, ಇಡೀ ಸಾಲಿಗೆ ಕೇಳುವ ಹಾಗೆ ಹೇಳುತ್ತೇನೆ. ಅದಕ್ಕಿಂತ ಮುಂಚೆ ನಿನಗೆ.

ನೀನು ಬಾಯಿಗಿಟ್ಟಿರಲಿಲ್ಲ. ನಾನು ಇಟ್ಟೆ.