ಹೊಲಿದ ತೋಳು

ಹೊಸ ಜೀನ್ಸ್ ಬಟ್ಟೆಯ ವಾಸನೆ ಮೂಗಿಗೆ ಬಡಿದರೆ ರಾಯದುರ್ಗದ ನಮ್ಮ ಕಬಡ್ಡಿ ತಂಡ ನೆನಪಾಗುತ್ತೆ. ನಾನೂ ತಿಪ್ಪೇಶನೂ ಜಗಳವಾಡಿ ಮಾತು ಬಿಟ್ಟಿದ್ದೆವು. ಅಂಕಣದಲ್ಲಿ ಅಕ್ಕಪಕ್ಕ ನಿಂತರೂ ಕೈ ಹಿಡೀತಿರಲಿಲ್ಲ. ರೈಡರ್ ನಮ್ಮಿಬ್ಬರ ನಡುವಿಂದಲೇ ನುಸುಳಿ ಹೋಗ್ತಿದ್ದ. ಮೂರು ಪಂದ್ಯ ಸೋತೆವು.

ಆಟ ಕಲಿಸುತ್ತಿದ್ದ ಜೀನ್ಸ್ ಟೈಲರ್ ಈರಣ್ಣ ಬೈಯಲಿಲ್ಲ. ನಮ್ಮಿಬ್ಬರ ಅಂಗಿಯ ತೋಳುಗಳನ್ನ ಒಂದಕ್ಕೊಂದು ಸೇರಿಸಿ ಹೊಲಿದುಬಿಟ್ಟ.

"ನಮ್ಮನ್ನೇನು ಪ್ಯಾಂಟು ಅಂದ್ಕೊಂಡೀರೇನ್ರಿ?" ಎಂದೆ.

"ಪ್ಯಾಂಟಿನ ಕಾಲಾದ್ರೂ ಎರಡೂ ಒಂದೇ ಕಡೆ ಹೋಗ್ತಾವ. ಆಡ್ರಲೇ."

ವಾರವಿಡೀ ಹಾಗೇ ಆಡಿದೆವು. ಒಬ್ಬ ಬಿದ್ದರೆ ಇನ್ನೊಬ್ಬನೂ ಬೀಳ್ತಿದ್ದ. ಬೈದಾಡಲಿಕ್ಕಾದರೂ ಮಾತು ಶುರುವಾಯಿತು. ಪಕ್ಕದೂರು ಡಿ. ಹಿರೇಹಾಳಿನ ತಂಡದ ಎದುರಿನ ಪಂದ್ಯಕ್ಕೆ ಈರಣ್ಣ ಹೊಲಿಗೆ ಬಿಚ್ಚಿ ಕಳಿಸಿದ. ಕೊನೆಯ ರೈಡರ್ ನುಗ್ಗಿದಾಗ ನಾವು ಕೈ ಬಿಡಲಿಲ್ಲ. ಒಂದೇ ಪಾಯಿಂಟಿನಿಂದ ಗೆದ್ದೆವು.

ಆವತ್ತು ಆ ರೈಡರನ್ನ ಹಿಡಿದದ್ದು ತಾನೇ ಅಂತ ತಿಪ್ಪೇಶ ನಿನ್ನೆ ನನ್ನ ಮೊಮ್ಮಗಳ ಮುಂದೆ ಹೇಳಿದ. ಅರ್ಧ ಒಪ್ಪಿಕೊಂಡೆ.