ಕಲ್ಲಿಗೂ ಸೋಸಿದ ನೀರು

ಧೂಳನ್ನು ಕಂಡರೆ ನನಗೆ ಭಯ. ಹುಲಿಯನ್ನು ಕಂಡರೆ ಹೇಗೋ ತಿಳಿಯದು. ಖಾನಾಪುರದ ಆಚೆಯ ಕಾಡಿನಲ್ಲಿ ಅದು ಇದೆಯೆಂದು ಹೇಳುತ್ತಾರೆ, ಬೆಳಗಾವಿಯ ನಮ್ಮ ಓಣಿಗೆ ಈವರೆಗೆ ಬಂದಿಲ್ಲ. ಧೂಳು ಮಾತ್ರ ದಿನವೂ ಬರುತ್ತದೆ. ಹೀಗೆ ಹೇಳುವವನು ಸಾಲೆಯ ಮಾಸ್ತರ, ಇಷ್ಟು ವರ್ಷ ಸುಣ್ಣದ ಕಡ್ಡಿಯ ಪುಡಿಯನ್ನೇ ಕುಡಿದು ಬದುಕಿದವನು ಎಂದರೆ ನೀವು ನಗಬಹುದು. ನಗಿರಿ. ನನ್ನ ಹೆಂಡತಿಯೂ ನಗುತ್ತಾಳೆ.

ಎಲ್ಲ ಧೂಳೂ ಒಂದೇ ಅಲ್ಲ. ಖಾನಾಪುರದ ರಸ್ತೆಯ ಕೆಂಪು ಧೂಳು ಪ್ರಾಮಾಣಿಕವಾದದ್ದು. ಧೋತರದ ಮೇಲೆ ಕುಳಿತು ತಾನು ಯಾವ ಊರಿನದೆಂದು ಹೇಳಿಬಿಡುತ್ತದೆ. ಹಿಟ್ಟಿನ ಧೂಳಿಗೆ ಯಾರೂ ಅಂಜುವುದಿಲ್ಲ, ಅದು ನಾಳೆಯ ರೊಟ್ಟಿ. ಕಲ್ಲು ಕೊರೆದಾಗ ಏಳುವ ಧೂಳಿನ ರೀತಿಯೇ ಬೇರೆ. ಬಿಸಿಲಿನ ಕೋಲು ಬಿದ್ದ ಕಡೆ ಮಾತ್ರ ಕಾಣುತ್ತದೆ. ಎದೆಯೊಳಗೆ ಹೋದರೆ ಹೊರಗೆ ಬರುವ ದಾರಿಯನ್ನು ಮರೆಯುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ಹೋದ ವರ್ಷ ನನ್ನ ಕೋಟು ತೂಗುಹಾಕಲು ಗೋಡೆಗೆ ಒಂದು ಗೂಟ ಬೇಕಾಯಿತು. ಗವಂಡಿಯೊಬ್ಬ ಬಂದು ಕಲ್ಲಿನಲ್ಲಿ ತೂತು ಹೊಡೆದು ಹೋದ. ಸಂಜೆಯ ಹೊತ್ತಿಗೆ ನನ್ನ ಅವ್ವನ ಉಸಿರು ಸಿಕ್ಕಿಕೊಂಡಿತು. ಆಕೆಗೆ ಮೊದಲೇ ದಮ್ಮು. ಎರಡು ದಿನ ಆಕೆ ಮಲಗಲಾಗದೆ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಎದುರಿಗೆ ಕುಳಿತಿದ್ದೆ. ಒಂದು ಉಸಿರು ಮುಗಿದು ಇನ್ನೊಂದು ಬರುವುದರೊಳಗೆ ಎಷ್ಟು ಜಾಗವಿರುತ್ತದೆಂಬುದು ನನಗೆ ಆಗ ತಿಳಿಯಿತು. ಅವ್ವ ಚೇತರಿಸಿಕೊಂಡಳು. ನಾನು ಇನ್ನೂ ಅಷ್ಟಾಗಿ ಚೇತರಿಸಿಕೊಂಡಿಲ್ಲ. ಕೋಟನ್ನು ಇಂದಿಗೂ ಕುರ್ಚಿಯ ಮೇಲೆ ಹಾಕುತ್ತೇನೆ.

ಇಂಥ ನಾನೇ ಈ ವರ್ಷ ಮತ್ತೆ ಕಲ್ಲು ಕೊರೆಸಬೇಕಾಗಿ ಬಂದಿತು. ಅವ್ವನ ಕೋಣೆಯ ಬಾಗಿಲಿನಿಂದ ಹಿತ್ತಲಿನ ಬಾವಿಗೆ ಐದು ಕರಿಗಲ್ಲಿನ ಮೆಟ್ಟಿಲು. ಮಳೆಗಾಲದಲ್ಲಿ ಒಮ್ಮೆ ಆಕೆ ಜಾರಿ ಕುಳಿತಳು. ನೀರಿಗೆ ಬೇರೆ ಯಾರಾದರೂ ಹೋಗಲಿ ಎಂದರೆ ಕೇಳುವವಳಲ್ಲ. ನಾವು ಜೈನರು, ಬಾವಿಯ ನೀರನ್ನು ಎರಡು ಮಡಿಕೆಯ ಅರಿವೆಯಲ್ಲಿ ಸೋಸದೆ ಬಳಸುವುದಿಲ್ಲ. ಕಣ್ಣಿಗೆ ಕಾಣದ ಜೀವಗಳು ಅರಿವೆಯಲ್ಲಿ ಉಳಿದು ಮರಳಿ ಬಾವಿ ಸೇರಬೇಕು. ಹಾಗೆ ಸೋಸಿದ ನೀರೂ ಎರಡು ಗಳಿಗೆ, ಎಂದರೆ ನಲವತ್ತೆಂಟು ನಿಮಿಷ, ಕಳೆದರೆ ಮತ್ತೆ ಸೋಸಬೇಕು.

“ಸೊಸಿ ಎರಡ ಮಡಿಕಿ ಮಾಡ್ತಾಳೋ ಒಂದ ಮಾಡ್ತಾಳೋ, ನೋಡಾವ್ರ ಯಾರು?” ಎಂಬುದು ಅವ್ವನ ವಾದ.

ಹಾಗಾಗಿ ಆಕೆ ಹಿಡಿದು ಇಳಿಯಲು ಕಬ್ಬಿಣದ ಕಂಬಿ ಬೇಕು. ಕಂಬಿ ನಿಲ್ಲಲು ಮೇಲಿನ ಮೆಟ್ಟಿಲಿನಲ್ಲಿ ಒಂದು, ಕೆಳಗಿನದರಲ್ಲಿ ಒಂದು ತೂತು ಬೇಕು. ಆಕೆ ಬೀಳದಂತೆ ಮಾಡಲು ಆಕೆಯ ಉಸಿರನ್ನೇ ಪಣಕ್ಕಿಟ್ಟಂತಾಯಿತು. ನಾಲ್ಕು ದಿನ ತಂಗಿಯ ಮನೆಗೆ ಹೋಗಿರು ಎಂದರೆ, “ನನ್ನ ಮೆಟ್ಟಲಾ ನಾ ಇಲ್ಲದಾಗ ಕೊರಿಸ್ತಿ?” ಎಂದಳು.

ಖಾನಾಪುರದಿಂದ ಪರಸಪ್ಪನನ್ನು ಕರೆಸಿದೆ. ನೀರು ಹಾಕಿಯೇ ಕಲ್ಲು ಕೊರೆಯುತ್ತಾನೆ ಎಂದು ಅವನಿಗೆ ಹೆಸರು. ಅವನ ಸಾಮಾನು ಬಹಳವಿಲ್ಲ: ಮೂರು ಉಳಿ, ಒಂದು ಸುತ್ತಿಗೆ, ತೂತಿನ ತಳದಿಂದ ರಾಡಿ ಎತ್ತಲು ಉದ್ದ ಹಿಡಿಕೆಯ ಚಮಚ, ಒಂದು ತುಂಡು ಗೋಣಿತಟ್ಟು. ಗೋಣಿಯನ್ನು ನೆನೆಸಿ ಉಳಿಯ ಸುತ್ತ ಸಿಂಬೆಯಂತೆ ಇಡುತ್ತಾನೆ. ತೂತಿನೊಳಗೆ ನೀರು. ಒಂದು ಏಟು, ಉಳಿಗೆ ಒಂದಿಷ್ಟು ತಿರುವು, ಮತ್ತೆ ಏಟು. ಏಟುಗಳನ್ನು ಮರಾಠಿಯಲ್ಲಿ ಎಣಿಸುತ್ತಾನೆ, ಬೈಯುವುದು ಕನ್ನಡದಲ್ಲಿ. ಇಪ್ಪತ್ತಕ್ಕೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ.

“ಹರೇದಾಗ ಒಣಾ ಹೊಡದೀನ್ರಿ ಮಾಸ್ತರ್ರ,” ಎಂದ ಎದೆ ಮುಟ್ಟಿಕೊಂಡು. “ಅರ್ಧಾ ಗುಡ್ಡಾ ಇಲ್ಲೇ ಕುಂತೈತಿ.”

ನನ್ನ ಸಿದ್ಧತೆ ಅವನದಕ್ಕಿಂತ ದೊಡ್ಡದು. ಅವ್ವನನ್ನು ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿ, ಬಾಗಿಲಿಗೆ ಒದ್ದೆ ಧೋತರ ತೂಗುಹಾಕಿದೆ. ಮೂಗಿಗೆ ಅರಿವೆ ಕಟ್ಟಿಕೊಂಡು, ಅವ್ವ ಸೋಸಿಕೊಟ್ಟ ನೀರಿನ ತಂಬಿಗೆ ಹಿಡಿದು ತೂತಿಗೆ ನೀರು ಹಾಕಲು ಕುಳಿತೆ.

“ಮುಸುಕ ಹಾಕ್ಕೊಂಡ ಮದುಮಗಳಂಗ ಕಾಣ್ತೀರಿ,” ಎಂದು ಪರಸಪ್ಪ ನಕ್ಕ. ನಕ್ಕದ್ದಕ್ಕೆ ಕೆಮ್ಮಿದ. ಒಳಗಿನಿಂದ ಅವ್ವ ಕೂಗಿದಳು: “ಯಾಂವಲೇ ಅಂವ, ನನಗಿಂತಾ ಚೊಲೋ ಕೆಮ್ಮತಾನ?”

ಮೇಲಿನ ಮೆಟ್ಟಿಲಿನ ತೂತು ಎರಡು ಬೆರಳಿನಷ್ಟು ಆಳವಾಗಿತ್ತು. ಗಡಿಯಾರ ನೋಡಿದೆ; ಎರಡು ಗಳಿಗೆ ಮುಗಿದಿತ್ತು. ತಂಬಿಗೆಯಲ್ಲಿ ಅರ್ಧ ನೀರಿತ್ತು, ಆದರೆ ಅದು ಈಗ ಬಳಸುವ ನೀರಲ್ಲ. ಸೋಸುವ ಅರಿವೆ ಅವ್ವನ ಕೋಣೆಯಲ್ಲಿತ್ತು. ಬಾಗಿಲು ತೆರೆದರೆ ಧೂಳು ಒಳಗೆ ಹೋಗುವ ಭಯ. ಎಚ್ಚರಿಕೆಯ ಮನುಷ್ಯನಾದ ನಾನು ನಿಧಾನವಾಗಿ ಎಲ್ಲವನ್ನೂ ತೂಗಿ ನೋಡಿ ಹೇಳಿದೆ: “ನಾಕ ಏಟ ಹಂಗ ಹೊಡಿ ಪರಸಪ್ಪಾ, ಆಮ್ಯಾಲ ನೋಡೂಣು.”

“ಕೈಯಾಗ ನೀರಿನ ತಂಬಗಿ ಹಿಡಕೊಂಡ ಒಣಾ ಹೊಡಿ ಅಂತೀರಿ?”

ಎಂದನಾದರೂ ಮಾಸ್ತರನ ಮಾತಿಗೆ ಮೂರು ಏಟು ಹೊಡೆದ. ಬಿಳಿಯ ಧೂಳು ಎದ್ದಿತು. ಬಾಗಿಲಿನ ಧೋತರ ಬಿಸಿಲಿಗೆ ಅಷ್ಟರಲ್ಲಿ ಒಣಗಿತ್ತು. ಅದನ್ನೂ ಆ ನೀರಿನಿಂದ ನೆನೆಸಲು ನನಗೆ ಮನಸ್ಸು ಬಂದಿರಲಿಲ್ಲ. ಧೂಳು ಅದರ ಕೆಳಗೆ ನುಸುಳಿ ಹೋಗುವುದನ್ನು ಕಣ್ಣಾರೆ ಕಂಡೆ. ಒಳಗೆ ಅವ್ವ ಕೆಮ್ಮಿದಳು. ಪರಸಪ್ಪ ಸುತ್ತಿಗೆ ಕೆಳಗಿಟ್ಟುಬಿಟ್ಟ. ನಾನು ತಂಬಿಗೆ ಹಿಡಿದು ಹಾಗೆಯೇ ಕುಳಿತಿದ್ದೆ.

ಬಾಗಿಲು ತೆರೆಯಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪರಸಪ್ಪ ನಡೆದದ್ದನ್ನು ಹೇಳಿದ. ಆಕೆ ನನ್ನನ್ನೂ ತಂಬಿಗೆಯನ್ನೂ ನೋಡಿದಳು.

“ಪಾಯಪ್ಪಾ, ನೀರಾಗಿನ ಜೀವಾ ಉಳಸಾಕ ಹೋಗಿ ಹಡದಾಕಿ ಜೀವಾ ತಗೀತಿದ್ದೆಲ್ಲೋ! ಅರಿವಿ ಬೇಡಾಕ ಬಾಯಿ ಇರಲಿಲ್ಲೇನ?”

ಮೂಗಿನ ಅರಿವೆಯೊಳಗೆ ಏನೋ ಗೊಣಗಿದೆ. ಆಕೆ ಸೋಸುವ ಅರಿವೆಯನ್ನು ತಂದು, ಉಳಿಯಿಂದ ಒಂದು ಮೊಳದ ದೂರದಲ್ಲಿ ಕುಳಿತಳು. ನಾನು ಎಷ್ಟು ಬೇಡವೆಂದರೂ ಏಳಲಿಲ್ಲ. ಆಮೇಲಿನ ನೀರನ್ನೆಲ್ಲ ತಾನೇ ಸೋಸಿ, ತಾನೇ ತೂತಿಗೆ ಹಾಕಿದಳು. ಬೂದುಬಣ್ಣದ ರಾಡಿ ಗೋಣಿಯ ಮೇಲೆ ಹರಿಯಿತು, ಧೂಳಿನ ಒಂದು ಕಣವೂ ಏಳಲಿಲ್ಲ. ಆಕೆಯೂ ಪರಸಪ್ಪನೂ ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಕೆಮ್ಮಿನ ಕಷಾಯದ ಮಾತು ನಡೆಯಿತು. ನನ್ನ ಕೆಲಸ ಬಾವಿಯಿಂದ ನೀರು ಸೇದುವುದು.

ಮರುದಿನ ತೂತುಗಳಿಗೆ ಕಾಸಿದ ಸೀಸ ಹೊಯ್ದು ಕಂಬಿ ನಿಲ್ಲಿಸಿದ್ದಾಯಿತು. ಪರಸಪ್ಪ ಹಿಡಿದು ಅಲುಗಿಸಿದ, ಅದು ಅಲುಗಲಿಲ್ಲ.

“ನೀ ಮೊದಲ ಇಳಿ,” ಎಂದಳು ಅವ್ವ. “ಕೊರದಾಂವ ನೀ.”

ಅವನು ಕಂಬಿ ಹಿಡಿದು ಇಳಿದ. ಮೂರನೆಯ ಮೆಟ್ಟಿಲಿನಲ್ಲಿ ಎದೆ ಹಿಡಿಯಿತು, ನಿಂತ. “ನೀವ ಬರ್ರಿ ಆಯಿ, ನಾ ಬಾಜೂಕ ಸರೀತೀನಿ.”

“ಯಾಕ, ಬಾವಿ ಎಲ್ಲಿಗಿ ಓಡಿ ಹೊಂಟೈತಿ? ನಿನ್ನ ಉಸರ ಬರ್ಲಿ.”

ಅವನು ಕೆಳಗೆ ಮುಟ್ಟುವವರೆಗೆ ಆಕೆ ಮೇಲೆ ಕಾದಳು. ಆಮೇಲೆ ಆಕೆ ಇಳಿದು ಅದೇ ಮೂರನೆಯ ಮೆಟ್ಟಿಲಿನಲ್ಲಿ ನಿಂತಾಗ ಅವನು ಕೆಳಗೆ ಕಾದ. ಇಬ್ಬರಿಗೂ ಯಾವ ಅವಸರವೂ ಇರಲಿಲ್ಲ. ಬಾಗಿಲಿನಲ್ಲಿದ್ದ ನನಗೆ ಆಗ ಒಂದು ಸಂಗತಿ ಗಮನಕ್ಕೆ ಬಂದಿತು: ಮೂವರಲ್ಲಿ ಎದೆ ಗಟ್ಟಿಯಿದ್ದವನು ನಾನೊಬ್ಬನೇ, ಉಸಿರು ಬಿಗಿಹಿಡಿದು ನಿಂತವನೂ ನಾನೊಬ್ಬನೇ.